ಹಸಿ, ಹಳ, ಕಂ

ಫೋನಿನಲ್ಲಿ ದಿನಕ್ಕೊಂದು ಪದ ಊಹಿಸುವ ಆಟ ಬಂದಿದೆಯಲ್ಲ, ನೀವೂ ಆಡುತ್ತಿರಬಹುದು. ಬೆಳಿಗ್ಗೆ ಕಾಫಿ ಲೋಟ ಪಕ್ಕದಲ್ಲಿಟ್ಟುಕೊಂಡು ನಾನೂ ಆಡುತ್ತೇನೆ. ಅದರಲ್ಲೇನೂ ವಿಶೇಷವಿಲ್ಲ. ಆದರೆ ಆಡುವಾಗ ಹಳೆಯ ಮದುವೆ ಪತ್ರಿಕೆಯನ್ನೋ ಯಾವುದೋ ಲಕೋಟೆಯನ್ನೋ ಎಳೆದುಕೊಂಡು, ಅದರ ಬೆನ್ನ ಮೇಲೆ ಒಂದೊಂದು ಊಹೆಯನ್ನೂ ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತೇನೆ. ಯಾವುದು ಸರಿ, ಯಾವುದು ತಪ್ಪು, ಯಾವುದು ಜಾಗ ಬದಲಿಸಬೇಕು, ಎಲ್ಲಕ್ಕೂ ಒಂದೊಂದು ಗುರುತು.

"ಫೋನೇ ಎಲ್ಲಾ ತೋರಿಸ್ತಿದೆಯಲ್ಲೇ, ಮತ್ತೆ ನೀನ್ಯಾಕೆ ಬರ್ಕೋತೀಯ?" ಎಂದು ನಮ್ಮ ಮನೆಯವರು ಮದುವೆಯಾದ ಹೊಸತರಲ್ಲಿ ಮಾತಾಡುತ್ತಿದ್ದಷ್ಟೇ ಮೃದುವಾಗಿ ಕೇಳಿದರು. ಮೃದುವಾಗಿ ಕೇಳಿದರೆ ಅವರು ಒಳಗೇ ನಗುತ್ತಿದ್ದಾರೆಂದು ಅರ್ಥ. "ಅಭ್ಯಾಸ" ಎಂದೆ. ಅವರು ಪೇಪರು ಎತ್ತಿಕೊಂಡರು. ಅವರಿಗೆ ಹೇಳದೆ ಉಳಿದದ್ದನ್ನು ನಿಮಗೆ ಹೇಳುತ್ತೇನೆ, ನಿಮ್ಮ ಕಾಫಿ ಆರಿದರೆ ಕ್ಷಮಿಸಿ.

ನಾನು ಚಿಕ್ಕವಳಿದ್ದಾಗ ನಾವಿದ್ದದ್ದು ತಮಿಳು ಸೀಮೆಯಲ್ಲಿ, ಪೆರಂಬೂರಿನ ಹತ್ತಿರದ ರೈಲ್ವೆ ಕ್ವಾರ್ಟರ್ಸಿನಲ್ಲಿ. ಅಪ್ಪ ಗೂಡ್ಸ್ ಗಾಡಿಯ ಗಾರ್ಡು. ಗಾಡಿಯ ಕಟ್ಟಕಡೆಯ ಡಬ್ಬಿಯಲ್ಲಿ ಒಬ್ಬರೇ ಕೂತು, ಯಾವ ಸ್ಟೇಷನ್ ಎಷ್ಟು ಹೊತ್ತಿಗೆ ದಾಟಿತು, ಎಲ್ಲಿ ಎಷ್ಟು ನಿಮಿಷ ನಿಂತಿತು ಎಂದು ಪುಸ್ತಕದಲ್ಲಿ ಬರೆಯುತ್ತ ಹೋಗುವುದು ಅವರ ಕೆಲಸದಲ್ಲೊಂದು. ರಾತ್ರಿ ಡ್ಯೂಟಿ ಮಾಡಿ ಬಂದರೆ ಹಗಲಿಡೀ ನಿದ್ದೆ. ಹಾಗಾಗಿ ನಮ್ಮ ಮನೆಯಲ್ಲಿ ಹಗಲೆಂದರೆ ಪಿಸುಮಾತಿನ ಹೊತ್ತು. ಜೋರಾಗಿ ಮಾತಾಡುವ ಹಕ್ಕು ಕುಕ್ಕರಿಗೆ ಮಾತ್ರ ಇತ್ತು. ನಾನು ಜಗಳವನ್ನೂ ಪಿಸುಗುಟ್ಟಿಯೇ ಆಡಲು ಕಲಿತವಳು. ಈಗಲೂ ನನಗೆ ತುಂಬ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ. ನಮ್ಮ ಮನೆಯವರಿಗೆ ಇದು ಗೊತ್ತಾಗಲು ಮೂರು ವರ್ಷ ಬೇಕಾಯಿತು.

ನನಗೆ ಹತ್ತು ವರ್ಷವಿದ್ದಾಗ ಅಮ್ಮನ ತಮ್ಮ ಮಂಜು ಮಾಮ ತಿಪಟೂರಿನಿಂದ ಬಂದ. ಇಪ್ಪತ್ಮೂರು ವರ್ಷ, ಕಡ್ಡಿಯಂಥ ಮೈ, ನಗಲಿಕ್ಕೆಂದೇ ಮಾಡಿದಂಥ ಹಲ್ಲು. ರೈಲು ಓಡಿಸುವವರ ಕೆಲಸಕ್ಕೆ ಪರೀಕ್ಷೆ ಕಟ್ಟಿದ್ದ. ಚಿಕ್ಕಂದಿನಿಂದ ಅವನಿಗೆ ಬೇಕಾಗಿದ್ದದ್ದು ಅದೊಂದೇ, ಇಂಜಿನ್ನಿನಲ್ಲಿ ಕೂರುವುದು. ಊಟಕ್ಕೆ ಕೂತಾಗಲೂ ಕಿವಿ ಹೊರಗಿರುತ್ತಿತ್ತು. ಕೈಯಲ್ಲಿ ತುತ್ತು ಹಿಡಿದೇ, "ಅಕ್ಕಾ, ಇದು ಖಾಲಿ ಗಾಡಿ. ಶಬ್ದ ನೋಡು ಹೆಂಗೆ ಗಲಗಲ ಅಂತಿದೆ" ಎನ್ನುತ್ತಿದ್ದ. ಅವರ ತಂದೆ ಬೇಗ ತೀರಿಕೊಂಡಿದ್ದರಿಂದ ಅಮ್ಮನೇ ಅವನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದ್ದಳು. ಅವನ ತುತ್ತು ಬಾಯಿಗೆ ಹೋಗುವವರೆಗೂ ಅವಳು ಸಾರಿನ ಸೌಟು ಹಿಡಿದು ಕಾಯುತ್ತಿದ್ದಳು.

ನನಗೂ ಅವನಿಗೂ ಮೊದಲ ವಾರ ಮಾತೇ ಕೂಡಲಿಲ್ಲ. ಸ್ಕೂಲು, ಬೀದಿ, ಆಟ ಎಲ್ಲ ತಮಿಳಾಗಿದ್ದ ನನಗೆ ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ. ಅವನು ಚಪಾತಿ ಬಡಿಸಲು ಬಂದರೆ "ವೇಂಡಾ ಮಾಮಾ" ಎನ್ನುತ್ತಿದ್ದೆ, ಬೇಡ ಅಂತ. "ಬೆಂಡೇಕಾಯಿ ಪಲ್ಯ ಬೇಕಂತೆ ಕಣಕ್ಕಾ" ಎಂದು ಅವನು ಒಳಗೆ ಕೂಗುತ್ತಿದ್ದ. ನನಗೆ ಅಳು ಬರುತ್ತಿತ್ತು.

ನಮ್ಮನ್ನು ಕೂಡಿಸಿದ್ದು ಆ ಮುರುಕು ಆಟ. ಅಮ್ಮ ಯಾರದೋ ಮದುವೆಗೆ ಸ್ಟೀಲ್ ಪಾತ್ರೆ ತರಲು ಮಾಮನನ್ನು ಕರೆದುಕೊಂಡು ಸೌಕಾರ್‌ಪೇಟೆಗೆ ಹೋಗಿದ್ದಳು. ಬರುವಾಗ ಮಾಮನ ಕಂಕುಳಲ್ಲಿ ಒಂದು ಸೊಟ್ಟ ರಟ್ಟಿನ ಡಬ್ಬಿ. ಪ್ಲಾಸ್ಟಿಕ್ ಸಾಮಾನಿನ ಅಂಗಡಿಯವನು ಎಸೆಯಲು ಎತ್ತಿಟ್ಟಿದ್ದನ್ನು ಕೇಳಿ ತಂದಿದ್ದ. ಒಳಗೆ ತೂತುಗಳಿರುವ ಒಂದು ಬೋರ್ಡು, ಬೆರಳುಗುರಿನಷ್ಟು ಬಣ್ಣದ ಗೂಟಗಳು. ಒಬ್ಬರು ನಾಲ್ಕು ಗೂಟಗಳನ್ನು ಮರೆಯಲ್ಲಿ ಸಾಲಾಗಿ ಚುಚ್ಚಿಡಬೇಕು. ಇನ್ನೊಬ್ಬರು ಯಾವ ಬಣ್ಣ, ಯಾವ ಜಾಗ ಎಂದು ಊಹಿಸಿ ತಮ್ಮ ನಾಲ್ಕು ಗೂಟ ಇಡಬೇಕು. ಬಚ್ಚಿಟ್ಟವರು ಪ್ರತಿ ಸಲವೂ ಎಷ್ಟು ಸರಿ ಎಂದು ಉತ್ತರ ಹೇಳಬೇಕು. ಉತ್ತರ ಹೇಳುವ ಸಣ್ಣ ಗೂಟಗಳು ಕಳೆದುಹೋಗಿದ್ದವು. ಮಾಮ ಅಡುಗೆಮನೆಗೆ ಹೋಗಿ ಒಂದು ಹಿಡಿ ಹುಣಿಸೆ ಬೀಜ, ಒಂದು ಹಿಡಿ ಕಡಲೆಬೇಳೆ ತಂದ. ಬಣ್ಣವೂ ಜಾಗವೂ ಸರಿಯಿದ್ದರೆ ಹುಣಿಸೆ ಬೀಜ. ಬಣ್ಣ ಸರಿ, ಜಾಗ ತಪ್ಪಿದ್ದರೆ ಕಡಲೆಬೇಳೆ. ಏನೂ ಸರಿಯಿಲ್ಲದಿದ್ದರೆ ಮಾಮನ ಹಲ್ಲು.

ಇನ್ನೊಂದು ತೊಂದರೆಯಿತ್ತು. ಬೋರ್ಡು ಮುರಿದು ಮೂರೇ ಸಾಲು ಉಳಿದಿತ್ತು. ಮೂರು ಊಹೆಯಾದ ಮೇಲೆ ಗೂಟ ಕಿತ್ತು ಮತ್ತೆ ಚುಚ್ಚಬೇಕು, ಹಿಂದಿನದೆಲ್ಲ ಮರೆತುಹೋಗುತ್ತದೆ. ಅದಕ್ಕೇ ನೋಟ್‌ಬುಕ್ಕು. ಪ್ರತಿ ಊಹೆಯನ್ನೂ, ಪ್ರತಿ ಉತ್ತರವನ್ನೂ, ಕೊನೆಗೆ ಬಯಲಾದ ನಾಲ್ಕು ಬಣ್ಣಗಳನ್ನೂ ಬರೆಯುವುದು ನನ್ನ ಕೆಲಸ.

"ಇಂಗ್ಲಿಷ್‌ನಲ್ಲಿ ಬರೆಯಂಗಿಲ್ಲ, ತಮಿಳಲ್ಲೂ ಬರೆಯಂಗಿಲ್ಲ" ಎಂದ ಮಾಮ.

"ಎನಕ್ಕು ಕನ್ನಡ ಎಳುತ್ತು ತೆರಿಯಾದು" ಎಂದೆ. ನನಗೆ ಕನ್ನಡ ಅಕ್ಷರ ಗೊತ್ತಿಲ್ಲ ಅಂತ.

"ಆರು ಬಣ್ಣಕ್ಕೆ ಎಷ್ಟು ಅಕ್ಷರ ಬೇಕು ಮಹಾ? ಬಾ."

ಕೆಂಪಿಗೆ ಕೆ, ನೀಲಿಗೆ ನೀ, ಬಿಳಿಗೆ ಬಿ, ಕಂದಿಗೆ ಕಂ. ಹಸಿರು, ಹಳದಿ ಎರಡೂ ಹ ಆದ್ದರಿಂದ ಒಂದಕ್ಕೆ ಹಸಿ, ಇನ್ನೊಂದಕ್ಕೆ ಹಳ. ನನ್ನ ಕನ್ನಡದ ಬುನಾದಿ ಇಷ್ಟೇ ನೋಡಿ. ಬೇರೆಯವರು ಅರಸ, ಆನೆ ಎಂದು ಶುರುಮಾಡಿದರೆ ನಾನು ಹಸಿ, ಹಳ, ಕಂ ಎಂದು ಶುರುಮಾಡಿದೆ. ನನ್ನ ಬರಹದಲ್ಲಿ ವ್ಯಾಕರಣದ ತಪ್ಪು ಕಂಡರೆ ಅದಕ್ಕೆ ಆ ಡಬ್ಬಿಯೇ ಹೊಣೆ.

ಸ್ಕೂಲಿಂದ ಬಂದ ಕೂಡಲೇ ವರಾಂಡದಲ್ಲಿ ಚಾಪೆ ಹಾಸುತ್ತಿದ್ದೆವು. ಒಳಗೆ ಅಪ್ಪನ ನಿದ್ದೆ, ಹೊರಗೆ ನಮ್ಮ ಪಿಸುಪಿಸು ಆಟ. ಊಹಿಸುವುದು ನನ್ನ ಪಾಲು, ಬಣ್ಣ ಬಚ್ಚಿಡುವುದು ಮಾಮನ ಪಾಲು. ನಾನು ಚುರುಕೆಂದು ಕ್ಲಾಸಿನಲ್ಲೆಲ್ಲ ಹೆಸರಿದ್ದವಳು, ಈ ಆಟದಲ್ಲಿ ಮಾತ್ರ ಸೋಲುತ್ತ ಹೋದೆ. ಮತ್ತೆ ಮತ್ತೆ ನೋಟ್‌ಬುಕ್ಕು ನೋಡಿದೆ. ಒಂದು ಉತ್ತರಕ್ಕೂ ಇನ್ನೊಂದು ಉತ್ತರಕ್ಕೂ ತಾಳೆಯಾಗುತ್ತಿರಲಿಲ್ಲ. ಕೊನೆಗೆ ಮರೆ ತೆಗೆದು ನೋಡಿದರೆ ಕಂದು ಗೂಟ ಇರುವ ಜಾಗದಲ್ಲಿ ನಾನು ಹಸಿರು ಇಟ್ಟಾಗ ಮಾಮ ಹುಣಿಸೆ ಬೀಜ ಕೊಟ್ಟಿರುತ್ತಿದ್ದ.

"ಮಾಮಾ, ಅಳುಗುಣಿ ಆಡ್ತಿದೀಯ" ಎಂದು ಪಿಸುಗುಟ್ಟಿದೆ. ಆಟದಲ್ಲಿ ಮೋಸ ಮಾಡುವವರಿಗೆ ನಮ್ಮ ಬೀದಿಯ ಮಕ್ಕಳು ಹಾಗೆ ಹೇಳುತ್ತಿದ್ದರು.

"ಎಲ್ಲಿ ಮೋಸ? ಸರಿಯಾಗೇ ಕೊಟ್ಟಿದೀನಲ್ಲ, ನೋಡು" ಎಂದು ಅವನೂ ಪಿಸುಗುಟ್ಟಿದ. ಗೂಟವನ್ನು ನನ್ನ ಮೂಗಿನ ಮುಂದೇ ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು ಸುಳ್ಳು ಹೇಳುತ್ತಿದ್ದಾನಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು.

ಹೀಗೇ ಒಂದೂವರೆ ತಿಂಗಳು. ಅಷ್ಟರಲ್ಲಿ ಮಾಮ ಲಿಖಿತ ಪರೀಕ್ಷೆ ಪಾಸಾದ. ಅಮ್ಮ ಬೀದಿಗೆಲ್ಲ ಕೇಸರಿಬಾತು ಹಂಚಿದಳು. ಇನ್ನು ಉಳಿದದ್ದು ಮೆಡಿಕಲ್ಲು. "ಅದೇನು ಬಿಡಿ, ಕಲ್ಲು ತಿಂದು ಅರಗಿಸ್ಕೋತಾನೆ ನನ್ನ ತಮ್ಮ" ಎಂದಳು.

ಮೆಡಿಕಲ್ಲಿಗೆ ಹನ್ನೊಂದು ದಿನವಿರುವಾಗ ನನ್ನ ತಾಳ್ಮೆ ಮುರಿಯಿತು. ಅವತ್ತು ಒಂದೇ ಆಟದಲ್ಲಿ ಮೂರು ಸಲ ತಪ್ಪು ಉತ್ತರ. ನಾನು ಮನೆಯ ನಿಯಮವನ್ನೆಲ್ಲ ಗಾಳಿಗೆ ತೂರಿ ಕಿರುಚಿದೆ: "ಕಳ್ಳ! ಕಳ್ಳ ಮಾಮ! ಪುಸ್ತಕದಲ್ಲಿ ಎಲ್ಲಾ ಬರೆದಿದೀನಿ!"

ಬಾಗಿಲು ತೆರೆಯಿತು. ಕೆದರಿದ ತಲೆ, ಲುಂಗಿ, ಬನಿಯನ್ನು. ಅಪ್ಪ. ನಾನು ಬೆನ್ನು ಬಾಗಿಸಿ ಏಟಿಗೆ ಸಿದ್ಧಳಾದೆ. ಅಪ್ಪ ಹೊಡೆಯಲಿಲ್ಲ. ಚಾಪೆಯ ತುದಿಯಲ್ಲಿ ಕೂತು, "ಎಲ್ಲಿ, ಕೊಡು" ಎಂದು ನೋಟ್‌ಬುಕ್ಕಿಗೆ ಕೈ ಚಾಚಿದರು. ಬರೆದಿಟ್ಟದ್ದರ ಮೇಲೆ ಅವರಿಗೆ ಯಾವಾಗಲೂ ಗೌರವ. ನಾನು ಆಟದ ಲೆಕ್ಕ ಹೇಳಿಕೊಟ್ಟೆ. ಅವರು ಬೆರಳಿಟ್ಟು ಒಂದೊಂದು ಸಾಲನ್ನೂ ಓದುತ್ತ ಹೋದರು. ಪುಟ ತಿರುವಿದರು, ಹಿಂದಕ್ಕೆ ಹೋದರು, ಮತ್ತೆ ಮುಂದಕ್ಕೆ ಬಂದರು. ಮಾಮ ಮೊದಲು ನಗುತ್ತಿದ್ದವನು ಆಮೇಲೆ ನಗುವುದನ್ನು ನಿಲ್ಲಿಸಿದ.

"ಮೋಸ ಅಲ್ಲ ಕಣೇ ಸುಮಿ" ಎಂದರು ಅಪ್ಪ ಕೊನೆಗೆ. "ಮೋಸ ಮಾಡೋನು ತನಗೆ ಲಾಭ ಆಗೋ ಹಾಗೆ ಮಾಡ್ತಾನೆ. ಇಲ್ನೋಡು, ಇಲ್ಲಿ ತಪ್ಪು ಹೇಳಿ ನಿನ್ನೇ ಗೆಲ್ಲಿಸಿದಾನೆ. ನೀಲಿ, ಹಳದಿ, ಬಿಳಿ ಮಾತ್ರ ಇರೋ ಆಟದಲ್ಲಿ ಒಂದೂ ತಪ್ಪಿಲ್ಲ. ಹಸಿ ಬಂದಾಗ, ಕಂ ಬಂದಾಗ ಮಾತ್ರ."

ಡಬ್ಬಿಯಿಂದ ಒಂದು ಗೂಟ ತೆಗೆದು ಅಂಗೈಯಲ್ಲಿಟ್ಟು ಮಾಮನ ಮುಂದೆ ಹಿಡಿದರು.

"ಮಂಜು, ಇದ್ಯಾವುದು?"

"ಕಂದು, ಭಾವ."

ಅದು ಹಸಿರು. ಇನ್ನೊಂದು ತೆಗೆದರು.

"ಇದು?"

ಮಾಮ ನನ್ನ ಮುಖ ನೋಡಿದ, ಅಪ್ಪನ ಮುಖ ನೋಡಿದ. "ಇದೂ... ಕಂದಲ್ವಾ?" ಎಂದ. ಅದೂ ಹಸಿರೇ.

ಅಪ್ಪ ಗೂಟಗಳನ್ನು ಮೆಲ್ಲಗೆ ಡಬ್ಬಿಗೆ ಹಾಕಿದರು. ಬಾಗಿಲಲ್ಲಿ ಅಮ್ಮ ಕಾಫಿ ಲೋಟ ಹಿಡಿದು ನಿಂತಿದ್ದಳು. "ನಿಂಗೆ ಗೊತ್ತಿತ್ತಾ?" ಎಂದು ಅಪ್ಪ ಮಾಮನನ್ನು ಕೇಳಿದರು.

"ಇಲ್ಲ ಭಾವ. ಸ್ವಲ್ಪ ಮಸುಕು ಅನ್ಸೋದು. ಎಲ್ಲಾರ್ಗೂ ಹಂಗೇ ಕಾಣುತ್ತೆ ಅಂದ್ಕೊಂಡಿದ್ದೆ."

ಆಗ ಅಮ್ಮನಿಗೆ ಗೌರಿಹಬ್ಬದ ಸೀರೆ ನೆನಪಾಗಿರಬೇಕು. ಮಾಮ ಮೊದಲ ಸಲ ಅಕ್ಕನಿಗೆಂದು ತಂದ ಸೀರೆ ಅದು. "ಗಿಳಿಹಸಿರು ತಂದಿದೀನಿ ನೋಡಕ್ಕಾ" ಎಂದು ಬಿಚ್ಚಿದರೆ ಒಣ ತೆಂಗಿನಕಾಯಿ ಸಿಪ್ಪೆಯ ಬಣ್ಣ. ಅಂಗಡಿಯವನು ಬದಲಾಯಿಸಿ ಕೊಟ್ಟಿದ್ದಾನೆಂದು ಅಮ್ಮ ಅವನನ್ನು ಬೈದಿದ್ದಳು, ತಮ್ಮನಿಗೆ ಬೇಜಾರಾಗಬಾರದೆಂದು ಸೀರೆಯನ್ನು ಉಟ್ಟೂ ಇದ್ದಳು.

ನನಗೆ ಆಗಲೂ ಪೂರ್ತಿ ಅರ್ಥವಾಗಿರಲಿಲ್ಲ. ಇಂಥ ಕಣ್ಣಿಗೆ ಸಿಗ್ನಲ್ಲಿನ ಕೆಂಪು, ಹಸಿರೂ ಕಲಸಿಹೋಗುತ್ತವೆ, ಅಂಥವರನ್ನು ಇಂಜಿನ್ನಿಗೆ ಹತ್ತಿಸುವುದಿಲ್ಲ ಎಂದು ಅಪ್ಪ ಹೇಳಿದ ಮೇಲೆ ಗೊತ್ತಾಯಿತು. ಮಾಮ ಆ ಸಂಜೆ ಊಟಕ್ಕೆ ಕೂತಾಗ ಎರಡು ಗಾಡಿ ಹೋದವು. ಅವನು ತಲೆ ಎತ್ತಲಿಲ್ಲ.

ಅಮ್ಮ ಸುಮ್ಮನಿರುವ ಪೈಕಿಯಲ್ಲ. ಕನ್ನಡಕದಂಗಡಿಯಲ್ಲಿ ಕೆಲಸಕ್ಕಿದ್ದ ಪರಿಚಯದ ಹೆಂಗಸೊಬ್ಬಳಿಂದ ಕಣ್ಣು ಪರೀಕ್ಷೆಯ ಪುಸ್ತಕ ಕೇಳಿ ತಂದಳು. ಪುಟಕ್ಕೊಂದು ಬಣ್ಣದ ಚುಕ್ಕಿಗಳ ಚಿತ್ರ. ಚುಕ್ಕಿಗಳೊಳಗೆ ಒಂದು ಅಂಕಿ ಅಡಗಿರುತ್ತದೆ. ನಮಗೆ ಕಾಣುತ್ತದೆ, ಮಾಮನಂಥವರಿಗೆ ಕಾಣುವುದಿಲ್ಲ.

"ಸುಮಿ, ಪುಟಪುಟದ್ದೂ ಬರ್ಕೋ. ಮಾಮಂಗೆ ಬಾಯಿಪಾಠ ಮಾಡ್ಸು. ಯಾರ್ಗೂ ಹೇಳ್ಬೇಡ, ಪುರಿಂಜುದಾ?" ಎಂದಳು ಅಮ್ಮ, ತಿಳಿಯಿತಾ ಅಂತ. ತುಂಬ ಗಂಭೀರವಾದಾಗ ಅವಳಿಗೂ ತಮಿಳು ಬರುತ್ತಿತ್ತು.

ಬರೆದೆ. ಮೂಲೆಯಲ್ಲಿರುವ ಚುಕ್ಕಿಯ ಗಾತ್ರ, ಅಂಚಿನ ಆಕಾರ, ಏನೇನು ಗುರುತು ಹಿಡಿಯಬಹುದೋ ಎಲ್ಲ ಬರೆದೆ. ನಾಲ್ಕೇ ದಿನದಲ್ಲಿ ಮಾಮ ಯಾವ ಪುಟ ಹಿಂದುಮುಂದಾಗಿ ತೆಗೆದರೂ ಅಂಕಿ ಹೇಳುವಂತಾದ. ನನಗೆ ಹೆಮ್ಮೆಯೋ ಹೆಮ್ಮೆ. ಕಾಣದ್ದನ್ನು ಕಾಣುತ್ತದೆ ಎಂದು ಹೇಳಲು ಕಲಿಸಿದೆನೆಂದು ಹತ್ತು ವರ್ಷದವಳಿಗೆ ಹೊಳೆಯಲಿಲ್ಲ.

ಅಪ್ಪನಿಗೆ ಇದೆಲ್ಲ ತಿಳಿಯದೇ ಇರಲಿಲ್ಲ. ಮೆಡಿಕಲ್ಲಿನ ಹಿಂದಿನ ದಿನ ಸಂಜೆ ಡ್ಯೂಟಿಗೆ ಹೊರಟಾಗ, ಎಂದಿನಂತೆ ಮಾಮ ಅವರ ಕಬ್ಬಿಣದ ಪೆಟ್ಟಿಗೆಯನ್ನು ಗೇಟಿನವರೆಗೆ ಹೊತ್ತುಕೊಂಡು ಹೋದ. ನಾನು ಟಾರ್ಚು ಹಿಡಿದು ಹಿಂದೆ ಹೋದೆ. ಗೇಟಿನಲ್ಲಿ ಅಪ್ಪ ಪೆಟ್ಟಿಗೆ ತೆಗೆದುಕೊಂಡು ನಿಂತರು.

"ಮಂಜು, ನಾನು ಬೇಡ ಅನ್ನಲ್ಲ. ನಿನ್ನ ಜೀವನ, ನೀನು ಯೋಚನೆ ಮಾಡು. ಒಂದು ಮಾತು ಹೇಳ್ತೀನಿ. ನಾನು ಗಾಡೀಲಿ ಕೊನೇ ಡಬ್ಬೀಲಿ ಕೂತಿರ್ತೀನಿ. ಮುಂದೆ ಸಿಗ್ನಲ್ ಏನಿದೆ ಅಂತ ಎಷ್ಟೋ ಸಲ ನಂಗೆ ಕಾಣಲ್ಲ. ಮುಂದೆ ಕೂತಿರೋನಿಗೆ ಕಾಣುತ್ತೆ ಅನ್ನೋ ಧೈರ್ಯದ ಮೇಲೆ ಬರ್ಕೋತಾ ಇರ್ತೀನಿ."

ಅಷ್ಟು ಹೇಳಿ ಹೋದರು. ಮಾಮ ಗೇಟಿನ ಸರಳು ಹಿಡಿದು ತುಂಬ ಹೊತ್ತು ನಿಂತಿದ್ದ. "ಒಳಗೆ ಬಾ ಮಾಮಾ" ಎಂದೆ. ಬಂದ.

ಮರುದಿನ ಅವನು ಬೇಗನೇ ಬಂದುಬಿಟ್ಟ. ಅಮ್ಮ ಕೈ ಒರೆಸಿಕೊಳ್ಳುತ್ತ ಓಡಿ ಬಂದಳು. "ಏನಾಯ್ತೋ?"

"ಡಾಕ್ಟ್ರು ಚುಕ್ಕಿ ಪುಸ್ತಕ ತೆಗೆದ್ರು. ಉತ್ತರ ನಾಲಿಗೆ ತುದೀಲೇ ಇತ್ತು ಅಕ್ಕ. ಬಾಯಿ ತೆಗೆದೆ. 'ಸಾರ್, ನಂಗೆ ಬರೀ ಚುಕ್ಕಿ ಕಾಣ್ತಿದೆ' ಅಂದ್ಬಿಟ್ಟೆ."

ಅಮ್ಮ ನೆಲದ ಮೇಲೆ ಕೂತಳು. ಅಪ್ಪನೊಂದಿಗೆ ಮಾತು ಬಿಟ್ಟಳು. ತಮ್ಮನನ್ನು ಬೈಯಲಾರದೆ, ಗಂಡನನ್ನು ಬೈಯಲಾರದೆ, ಮರುದಿನ ನನ್ನ ಜಡೆ ಹಾಕುವಾಗ ಹೇಳಿದಳು: "ನೀನು ಆ ಆಟದ್ದನ್ನೆಲ್ಲ ಬರೀದೇ ಇದ್ದಿದ್ರೆ ಏನಾಗ್ತಿತ್ತೇ ಸುಮಿ?" ಸಿಟ್ಟಿನಿಂದ ಹೇಳಲಿಲ್ಲ. ನಿಜವಾಗಿಯೂ ಕೇಳುತ್ತಿರುವ ಹಾಗೆ ಕೇಳಿದಳು. ಅದನ್ನೇ ತಡೆದುಕೊಳ್ಳಲಾಗಲಿಲ್ಲ.

ನಾನು ಹಿತ್ತಲಿಗೆ ಹೋಗಿ ನೋಟ್‌ಬುಕ್ಕನ್ನು ನೀರಿನ ತೊಟ್ಟಿಗೆ ಹಾಕಿಬಿಟ್ಟೆ. ಅದು ಮುಳುಗಲಿಲ್ಲ, ತೇಲುತ್ತ ತಿರುಗುತ್ತ ನಿಂತಿತು. ಬೆರಳಿಂದ ಒತ್ತಿ ಹಿಡಿದೆ. ನೋಟ್‌ಬುಕ್ಕನ್ನು ಮುಳುಗಿಸುವುದು ಎಷ್ಟು ಕಷ್ಟವೆಂದು ಅನುಭವವಿಲ್ಲದವರಿಗೆ ಗೊತ್ತಾಗದು.

ಮಾಮ ನೋಡಿದ. ತೊಟ್ಟಿಗೆ ಕೈಹಾಕಿ ಎತ್ತಿದ. ನೀರು ಸೋರುವ ಪುಸ್ತಕದ ಪಿನ್ನು ಬಿಚ್ಚಿ, ಒಂದೊಂದೇ ಹಾಳೆಯನ್ನು ಬಟ್ಟೆ ಒಣಗಿಸುವ ಹಗ್ಗಕ್ಕೆ ಕ್ಲಿಪ್ಪಿನಿಂದ ಸಿಕ್ಕಿಸತೊಡಗಿದ.

"ನನ್ನಿಂದ ಹೋಯ್ತು ಮಾಮಾ" ಎಂದೆ.

"ಏನು ಹೋಯ್ತು? ನಿನ್ನ ಪುಸ್ತಕ ಇಲ್ದಿದ್ರೂ ಡಾಕ್ಟ್ರ ಪುಸ್ತಕ ಇತ್ತಲ್ಲ. ಅಲ್ಲಿ ಯಾರೋ ಗುರುತಿಲ್ಲದೋರ ಮುಂದೆ ಮೊದಲ ಸಲ ಗೊತ್ತಾಗೋದು. ಇಲ್ಲಿ ನೀವೆಲ್ಲ ಇದ್ರಿ." ಒಂದು ಹಾಳೆ ಹರಿಯಿತು. ಅದನ್ನೂ ಜೋಡಿಸಿ ಸಿಕ್ಕಿಸಿದ. "ಇನ್ನೂ ಅರ್ಧ ಪುಸ್ತಕ ಖಾಲಿ ಇದೆ. ಆಟ ನಿಲ್ಸಿದ್ರೆ ನೋಡು ಮತ್ತೆ."

ಅಮ್ಮ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಹೊರಗೆ ಬಂದಳು. ಕ್ಲಿಪ್ಪಿನ ಡಬ್ಬಿ ಎತ್ತಿಕೊಂಡು ನಮ್ಮ ಪಕ್ಕ ನಿಂತು ಒಂದೊಂದಾಗಿ ಕೊಡುತ್ತ ಹೋದಳು. ಮೂವರಲ್ಲಿ ಯಾರೂ ಮಾತಾಡಲಿಲ್ಲ. ಅಪ್ಪ ಮಲಗಿದ್ದರು, ಆ ನೆಪವಿತ್ತು.

ಆ ವಾರ ಮಾಮ ಪಿನ್ನು ಕಾಯಿಸಿ ಹಸಿರು ಗೂಟಗಳ ತಲೆಯ ಮೇಲೆಲ್ಲ ಒಂದೊಂದು ಗೀರು ಹಾಕಿದ. ಯಾವುದು ಹಸಿರೆಂದು ನಾನು ಆರಿಸಿಕೊಟ್ಟೆ. ಆಮೇಲೆ ಅವನು ಒಂದೂ ತಪ್ಪು ಉತ್ತರ ಕೊಡಲಿಲ್ಲ. ನಾನು ನೆಟ್ಟಗೆ ಗೆಲ್ಲತೊಡಗಿದೆ ಎಂದು ಬರೆಯಲು ಆಸೆ. ಆದರೆ ಸರದಿ ಬದಲಿಸಿ ಅವನು ಊಹಿಸಲು ಕೂತಾಗ ನಾಲ್ಕೈದು ಸಲಕ್ಕೇ ಹಿಡಿದುಬಿಡುತ್ತಿದ್ದ. ನನಗೆ ಏಳೆಂಟು ಬೇಕಾಗುತ್ತಿತ್ತು. ಚುರುಕಿ ಎಂಬ ಹೆಸರು ಕ್ಲಾಸಿಗೇ ಸೀಮಿತವಾಯಿತು.

ಮಾಮ ಮುಂದೆ ಇನ್ನೊಂದು ಪರೀಕ್ಷೆ ಬರೆದು ಟಿಕೆಟ್ ಕೌಂಟರಿನ ಕೆಲಸಕ್ಕೆ ಸೇರಿದ. ಗಿಂಡಿ ಸ್ಟೇಷನ್ನಿನಲ್ಲಿ ಬಹಳ ವರ್ಷ ಇದ್ದ. ಕಿಟಕಿಯ ಹಿಂದೆ ಕೂತು ಕಿವಿ ಪ್ಲಾಟ್‌ಫಾರ್ಮಿನ ಕಡೆಗೇ ಇಟ್ಟುಕೊಂಡಿರುತ್ತಿದ್ದನೆಂದು ನನಗೆ ಗೊತ್ತು, ಕಾಲೇಜಿಗೆ ಹೋಗುವಾಗ ಕಂಡಿದ್ದೇನೆ. ಒಂದು ಸಲ ಕೇಳಿಯೂಬಿಟ್ಟೆ, "ಬೇಜಾರಿಲ್ವಾ ಮಾಮಾ?" ಅಂತ. "ಇದೆ ಕಣೇ" ಎಂದ. ಸುಳ್ಳು ಹೇಳಲಿಲ್ಲ. ನನಗೆ ಅದು ಇಷ್ಟವಾಯಿತು. ಅಪ್ಪ ರಿಟೈರಾದ ದಿನ ಅವರ ಪೆಟ್ಟಿಗೆಯನ್ನು ಗೇಟಿನಿಂದ ಒಳಗೆ ಹೊತ್ತು ತಂದವನು ಅವನೇ. ಇಬ್ಬರೂ ವರಾಂಡದಲ್ಲಿ ಕೂತು ಕಾಫಿ ಕುಡಿದರು.

ಹೋದ ಬೇಸಿಗೆಯಲ್ಲಿ ಮಾಮನೂ ರಿಟೈರಾದ. ಈಗ ವಡಪಳನಿಯಲ್ಲಿದ್ದಾನೆ. ಅವನ ಶರಟಿನ ಬಣ್ಣ ಆರಿಸುವ ಕೆಲಸ ಅತ್ತೆಯದು. ಮೇ ತಿಂಗಳ ಒಂದು ಬೆಳಿಗ್ಗೆ ನನ್ನ ಮಗನನ್ನು ಕರೆದುಕೊಂಡು ಅವರ ಮನೆಗೆ ಹೋಗಿದ್ದೆ. ಅವನಿಗೆ ಒಂಬತ್ತು ವರ್ಷ. ಬಿಸಿಲೇರುವ ಮೊದಲು ಹತ್ತಿರದ ಪಾರ್ಕಿಗೆ ನಡೆದೆವು. ತಿರುವಿನಲ್ಲಿ ದೊಡ್ಡದೊಂದು ಗುಲ್‌ಮೊಹರ್ ಮರ. ಕೊಂಬೆಕೊಂಬೆಗೂ ಕೆಂಪು ಹೂವು, ಬೆಂಕಿ ಬಿದ್ದ ಹಾಗೆ.

"ಅಬ್ಬಾ, ಎಷ್ಟು ಹೂ ಬಿಟ್ಟಿದೆ ನೋಡಿ!" ಎಂದೆ.

"ಎಲ್ಲಿ?" ಎಂದ ಮಾಮ.

"ಎಂಗ?" ಎಂದ ಮಗ.

ಕನ್ನಡದ ಎಲ್ಲಿ, ತಮಿಳಿನ ಎಲ್ಲಿ, ಎರಡೂ ಒಟ್ಟಿಗೇ ಬಂದವು. ನಾನು ಮಗನತ್ತ ತಿರುಗಿದೆ. ಅವನು ಹಣೆಗೆ ಕೈಯಿಟ್ಟು ಮರದಲ್ಲಿ ಹೂವನ್ನು ಪ್ರಾಮಾಣಿಕವಾಗಿ ಹುಡುಕುತ್ತಿದ್ದ. ಒಂಬತ್ತು ವರ್ಷ ಈ ಹುಡುಗನ ಒಂದೊಂದು ಹಲ್ಲು ಬಿದ್ದ ದಿನವನ್ನೂ ಬರೆದಿಟ್ಟಿದ್ದೇನೆ, ಇದನ್ನು ನೋಡಲೇ ಇಲ್ಲವಲ್ಲ.

ಮಾಮ ನನ್ನ ಮುಖ ನೋಡಿದ. ಏನೂ ಹೇಳಬೇಡ ಎಂಬಂತೆ ತಲೆ ಅಲ್ಲಾಡಿಸಿದ. ಆಮೇಲೆ ಮೊಣಕಾಲು ನೋವನ್ನೂ ಮರೆತು ಹುಡುಗನ ಪಕ್ಕ ಕುಕ್ಕರುಗಾಲಲ್ಲಿ ಕೂತ.

"ನಿಂಗೆ ಏನು ಕಾಣುತ್ತೆ ಹೇಳು?"

"ಮರಂ. ಲೀವ್ಸ್. ನಿರೈಯ ಲೀವ್ಸ್" ಎಂದ ಮಗ, ತುಂಬ ಎಲೆ ಅಂತ.

"ನಂಗೂ ಬರೀ ಎಲೆ ಕಣೋ."

ಮಗ ಅವನನ್ನು ಅನುಮಾನದಿಂದ ನೋಡಿದ. "ನಿಜಮಾವಾ ತಾತಾ?"

"ನಿಜವಾಗ್ಲೂ. ಹುಟ್ಟಿದಾಗಿಂದ ಹಂಗೇ. ನನ್ನ ಥರ ನೋಡೋರು ಮನೇಲಿ ಇನ್ನೊಬ್ರು ಸಿಕ್ಕಿರ್ಲಿಲ್ಲ ನೋಡು."

ಮಗ ನಕ್ಕ. ಮಾಮನಿಗೂ ನಗು ಬಂತು, ಅದೇ ಹಲ್ಲು, ಈಗ ಎರಡು ಕಟ್ಟಿಸಿದ್ದು. ಹುಡುಗನ ಭುಜ ಹಿಡಿದುಕೊಂಡು ಮೆಲ್ಲಗೆ ಎದ್ದ. "ನಿಮ್ಮಮ್ಮ ಹೂ ಇದೆ ಅಂತಾಳೆ. ಹತ್ರ ಹೋಗಿ ನೋಡೋಣ ಬಾ, ಅಷ್ಟು ಹತ್ರ ಹೋದ್ರೆ ನಂಗೂ ಒಂದೊಂದು ಸಲ ಸಿಗುತ್ತೆ" ಎಂದ.

ಇಬ್ಬರೂ ಕೈ ಹಿಡಿದು ರಸ್ತೆ ದಾಟಿ ಮರದ ಕೆಳಗೆ ಹೋಗಿ ನಿಂತರು. ನಾನು ಈಚೆಯೇ ಉಳಿದೆ. ಗಾಳಿ ಬೀಸಿದಾಗಲೆಲ್ಲ ಅವರ ತಲೆಯ ಮೇಲೆ, ಹೆಗಲ ಮೇಲೆ ಹೂವು ಉದುರುತ್ತಿತ್ತು. ಮಾಮ ಹುಡುಗನ ಕೂದಲಿಗೆ ಸಿಕ್ಕಿದ ಒಂದು ದಳವನ್ನು ಬಿಡಿಸಿ, ಕಣ್ಣಿನ ಹತ್ತಿರ ಹಿಡಿದು, ಅವನ ಅಂಗೈ ಮೇಲಿಟ್ಟ. ಇಬ್ಬರೂ ತಲೆಗೆ ತಲೆ ತಾಗಿಸಿ ಅದನ್ನು ಬಹಳ ಹೊತ್ತು ನೋಡಿದರು.